ರೊಟ್ಟಿ ಕಟ್ಟಿದ ಅರಿವೆ

ಬುತ್ತಿ ಕಟ್ಟಿಕೊಟ್ಟ ಅರಿವೆಯನ್ನು ಬರಿದಾಗಿ ಮರಳಿಸಬಾರದು. ವಾಡಿಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಿಡಿ ಜೋಳವೋ ಚೂರು ಬೆಲ್ಲವೋ ಇಟ್ಟೇ ಕೊಡುತ್ತಾರೆ. ಸ್ಟೇಶನ್ನಿನಲ್ಲಿ ತಂತಿ ಕಳಿಸುವ ತಾರ್ ಬಾಬು ಅಂಬಾರಾಯನ ಖೋಲಿಯಲ್ಲಿ ಎರಡೂ ಇರಲಿಲ್ಲ. ಅದಕ್ಕೆ ಅವನು ದಿನಾ ಒಂದು ಚೀಟಿ ಇಡುತ್ತಿದ್ದ. ಅದರಲ್ಲಿ ಒಂದು ಇಂಗ್ಲಿಷ್ ಶಬ್ದ, ಕನ್ನಡ ಅಕ್ಷರದಲ್ಲಿ, ಅರ್ಥದ ಸಮೇತ.

ಅವನಿಗೆ ರೊಟ್ಟಿ ಮಾಡಿ, ಹಮಾಲಿ ಮಾಡುವ ಅಪ್ಪನ ಕೈಯಲ್ಲಿ ಕಳಿಸುತ್ತಿದ್ದ ಗುರುದೇವಿ ಆ ಚೀಟಿಗಳ ಅಕ್ಷರ ಕೂಡಿಸಿ ಕೂಡಿಸಿಯೇ ಓದಲು ಕಲಿತಳು. ಸಂಜೆ ಅರಿವೆ ಬರುವವರೆಗೆ ಅವಳಿಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ.

ಸೋಮವಾರದ ಚೀಟಿಯಲ್ಲಿ ‘ಲೇಡಿ’ ಎಂದಿತ್ತು. ಅರ್ಥದ ಜಾಗದಲ್ಲಿ, ‘ನೀವು’.

ಪಕ್ಕದ ಮನೆಯ ನೂರಜಹಾನ್ ನಕ್ಕಳು. “ಲೇಡಿ ಅಂದ್ರ ಮೇಮ್‌ಸಾಬ್ ಅವ್ವಾ. ಟೊಪ್ಪಿಗಿ, ಕೈಚೀಲ. ನಿನಗ ಚ್ಯಾಷ್ಟಿ ಮಾಡ್ಯಾನ.”

ಗುರುದೇವಿ ಹಿಟ್ಟು ಮೆತ್ತಿದ ತನ್ನ ಕೈ ನೋಡಿಕೊಂಡಳು. ಮರುದಿನ ರೊಟ್ಟಿ ಹೋಗಲಿಲ್ಲ. ಬುಧವಾರವೂ ಹೋಗಲಿಲ್ಲ.

ಗುರುವಾರ ಮುಂಜಾನೆ ಅವನೇ ಬಂದು ಅಂಗಳದಲ್ಲಿ ನಿಂತ. ಕಂಕುಳಲ್ಲಿ ದಪ್ಪ ಡಿಕ್ಷನರಿ.

“ರೊಟ್ಟಿ ಯಾಕ ಬರಲಿಲ್ರಿ?”

“ಮೇಮ್‌ಸಾಬ್ರು ರೊಟ್ಟಿ ಬಡೀತಾರೇನ್ರಿ ಬಾಬೂ?”

ಅವನಿಗೆ ತಿಳಿಯಿತು. ಕಟ್ಟೆಯ ಮೇಲೆ ಕುಳಿತು ಪುಟ ತೆಗೆದ. “ಸಾವಿರ ವರ್ಷದ ಹಿಂದ ಬಡೀತಿದ್ರು. ರೊಟ್ಟಿ ಹಿಟ್ಟು ನಾದೋ ಮನಿಯಾಕಿಗೆ ಅಂತಿದ್ದ ಮಾತದು. ಬಾಯಾಗ ಸವೆದು ಸವೆದು ಲೇಡಿ ಆಗ್ಯದ. ಟೊಪ್ಪಿಗಿ ಆಮ್ಯಾಲ ಬಂದದ್ದು.”

ಗುರುದೇವಿ ಹಿಟ್ಟು ನಾದುತ್ತಿದ್ದ ಪರಾತದಿಂದ ಕೈ ತೆಗೆಯಲಿಲ್ಲ. “ಮತ್ತ ಗಂಡಸಿಗೆ?”

“ಲಾರ್ಡ್. ಅಂದ್ರ ರೊಟ್ಟಿ ಕಾಯವ.”

“ಎರಡು ದಿನ ಕಾಯ್ದು ಸಾಕಾಗ್ಯದೇನು?” ಕಣ್ಣು ಎತ್ತಿದಳು, ಅವನು ನೋಡುತ್ತಿದ್ದುದನ್ನು ಕಂಡು ಮತ್ತೆ ಹಿಟ್ಟಿಗೆ ಇಳಿಸಿದಳು.

“ನಂಗ ಸಿಕಂದರಾಬಾದಿಗೆ ಬದ್ಲಿ ಆಗ್ಯದ. ನಾಳಿಗೆ ಗಾಡಿ. ಅದಕ್ಕೇ ಆ ಚೀಟಿ ಬರ್ದೆ. ನನ್ನ ಮನಿಗಿ ಲೇಡಿ ನೀವಾಗಬೇಕು ಅಂತ.”

ಅವಳ ಕೈಯಲ್ಲಿ ಹಿಟ್ಟು ಬಹಳ ಹೊತ್ತು ನಾದಿಸಿಕೊಂಡಿತು.

ಮರುದಿನ ಗಾಡಿಯ ಕಿಟಕಿಗೆ ಒಂದು ದೊಡ್ಡ ಗಂಟು ಬಂತು. ಗುರುದೇವಿ ಅಪ್ಪನ ಹಿಂದೆ ನಿಂತಿರಲಿಲ್ಲ, ಮುಂದೆಯೇ ನಿಂತಿದ್ದಳು.

“ಕಟಕ ರೊಟ್ಟಿ. ಒಂದು ತಿಂಗಳ ಕೆಡಂಗಿಲ್ಲ.”

“ಮುಗಿದ ಮ್ಯಾಲ?”

“ಅರಿವಿ ತಂದು ನಮ್ಮಪ್ಪನ ಕೈಯಾಗ ಕೊಡ್ರಿ.”

ಗಾಡಿ ಅಲುಗಿತು. ಅವಳು ಎರಡು ಹೆಜ್ಜೆ ಜೊತೆಗೆ ನಡೆದಳು.

“ಬರಿದು ತರಬ್ಯಾಡ್ರಿ ಮತ್ತ. ಚೀಟಿನೂ ನಡ್ಯಂಗಿಲ್ಲ. ಎಲಿ-ಅಡಿಕಿ ಕಟ್ಟಿ ತರ್ರಿ.”