ಪಿನ್ನಿಯ ಪಟ್ಟಿಯಲ್ಲಿ ಏಳನೆಯದು

ಚಳಿಗಾಲ ಇನ್ನೇನು ಮುಗಿಯುವುದರಲ್ಲಿತ್ತು. ಬುಧವಾರ, ಸಂಜೆ ಐದೂವರೆಯ ಹೊತ್ತು. ಲಾಂಡ್ರಿ ಅಂಗಡಿಯ ಕೌಂಟರಿನ ಕೆಳಗೆ ಕಾಲು ಮಡಚಿ ಕೂತು ಪಿನ್ನಿ ಆರನೆಯ ‘ಬಿಡು’ ಬರೆದುಕೊಳ್ಳುತ್ತಿದ್ದಳು.

ದಿನಾ ಆಡುವ ಒಂದು ಪುಟ್ಟ ಮಾತನ್ನು ಆರಿಸಿಕೊಳ್ಳಿ, ಜನ ಅದನ್ನು ಯಾವ ಯಾವ ಅರ್ಥಕ್ಕೆ ಬಳಸುತ್ತಾರೋ ಕೇಳಿ ಬರೆದು ತನ್ನಿ ಎಂದು ಟೀಚರ್ ಹೇಳಿದ್ದರು. ಚೆನ್ನಾಗಿ ಬರೆದವರ ಪುಸ್ತಕವನ್ನು ಕ್ಲಾಸಿನ ಗೋಡೆಗೆ ತೂಗುಹಾಕುತ್ತಾರಂತೆ. ಎರಡು ದಿನದಿಂದ ಪಿನ್ನಿಗೆ ಊಟ ನಿದ್ದೆಯಲ್ಲೂ ಅದೇ ಗುಂಗು.

ಪಿನ್ನಿ ಅವಳ ನಿಜವಾದ ಹೆಸರಲ್ಲ. ಬಂದ ಬಟ್ಟೆಗೆಲ್ಲ ನಂಬರ್ ಚೀಟಿ ಇಟ್ಟು ಪಿನ್ನು ಚುಚ್ಚುವ ಕೆಲಸ ಐದು ವರ್ಷದವಳಿದ್ದಾಗಿನಿಂದಲೂ ಅವಳದೇ. ಹಾಗಾಗಿ ಆ ಹೆಸರೇ ಅಂಟಿಕೊಂಡಿತ್ತು.

ಅಂಗಡಿಯಲ್ಲಿ ‘ಬಿಡು’ಗಳಿಗೆ ಬರವಿರಲಿಲ್ಲ. ತಾನು ಸಿನಿಮಾದಲ್ಲಿ ಫೈಟ್ ಮಾಡಿದ್ದೆ ಅಂತ ಹಾಲಿನವನು ಹೇಳಿದಾಗ, ರೈಲು ಬಿಡಬೇಡ ಮಾರಾಯ ಅಂದಿದ್ದ ಅಪ್ಪ. ಶಾಲೆಯಲ್ಲಿ ಪಕ್ಕದ ಬೆಂಚಿನ ಗೆಳತಿ ರಬ್ಬರಿನ ಜಗಳಕ್ಕೆ ಟೂ ಬಿಟ್ಟಿದ್ದಳು. ತಿಂಗಳಿಂದ ಕೋಟು ಒಯ್ಯದ ಗಿರಾಕಿಯ ಬಗ್ಗೆ ಅಮ್ಮ, ಅವರು ಬಂದ ಹಾಗೇ ಬಿಡು ಅಂದಳು. ಅಂದರೆ ಬರುವುದೇ ಇಲ್ಲ ಅಂತ. ಎದುರು ಮನೆಯ ತಾತ ಮಾತ್ರ ಇಸ್ತ್ರಿಯಾದ ಅಂಗಿ ನೋಡಿ, ನಿಮ್ಮ ಕೈಕೆಲಸ ಬಿಡಮ್ಮ, ಮಾತಾಡೋ ಹಾಗೇ ಇಲ್ಲ ಅಂದಿದ್ದರು. ಅದು ಹೊಗಳಿಕೆ. ಒಂದೇ ಮಾತು ಬೈಗುಳವೂ ಆಗುತ್ತದೆ, ಹೊಗಳಿಕೆಯೂ ಆಗುತ್ತದೆ. ಪಿನ್ನಿಗೆ ಮೋಜೋ ಮೋಜು.

ಆಗ ಹಿಂದಿನ ಕೋಣೆಯಿಂದ ಅಕ್ಕ ಕೂಗಿದಳು.

“ಪಿನ್ನೀ, ಹೊಸ ಶೀಟು ಬಣ್ಣ ಬಿಡುತ್ತಾ ನೋಡಿದ್ಯೇನೇ?”

ಪಿನ್ನಿಯ ಕಿವಿ ನೆಟ್ಟಗಾಯಿತು. ಏಳನೆಯದು. ಬಣ್ಣ ಬಿಡುವುದು. ಇಷ್ಟು ಹತ್ತಿರದ್ದು ಇಷ್ಟು ಹೊತ್ತು ಹೊಳೆದೇ ಇರಲಿಲ್ಲವಲ್ಲ.

“ಹ್ಞೂಂ, ನೋಡ್ದೆ,” ಅಂದಳು, ಬರೆಯುತ್ತಲೇ.

ನೋಡಿರಲಿಲ್ಲ.

ಊರಿನ ಆಸ್ಪತ್ರೆಯ ಬೆಡ್‌ಶೀಟುಗಳೆಲ್ಲ ಈ ಅಂಗಡಿಗೇ ಬರುತ್ತಿದ್ದವು. ಈ ಸಲ ಹಳೆಯ ಬಿಳಿ ಶೀಟುಗಳ ಜೊತೆ ಅಂಚಿಗೆ ಕೆಂಪು ಪಟ್ಟಿಯಿದ್ದ ಹೊಸವೂ ಇದ್ದವು. ಹೊಸ ಬಟ್ಟೆ ಬಂದರೆ ಅದರ ಅಂಚನ್ನು ಬಿಸಿನೀರಿನಲ್ಲಿ ಅದ್ದಿ, ಬಿಳಿ ಚಿಂದಿಯ ಮೇಲಿಟ್ಟು, ನೂರು ಎಣಿಸುವ ತನಕ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಚಿಂದಿಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಬೇರೆ ಒಗೆಯಬೇಕು. ಇದು ಅಪ್ಪನ ಅಪ್ಪನ ಕಾಲದಿಂದ ಬಂದ ಪದ್ಧತಿ. ಆ ಚಿಂದಿ ಬಟ್ಟೆ ಕುದಿಸುವ ದೊಡ್ಡ ಹಂಡೆಯ ಪಕ್ಕದ ಮೊಳೆಗೆ ನೇತಾಡುತ್ತಿರುತ್ತಿತ್ತು, ಮೈತುಂಬ ನೀಲಿ ಹಸಿರು ಚುಕ್ಕಿ ಹೊತ್ತುಕೊಂಡು. ಮೊದಲು ಬಣ್ಣ ನೋಡುವುದು ಅಕ್ಕನ ಕೆಲಸ. ಎರಡನೇ ಪಿಯುಸಿ ಪರೀಕ್ಷೆ ಹತ್ತಿರ ಬಂತೆಂದು ಆ ವಾರದಿಂದ ಅವಳೇ ಅದನ್ನು ಪಿನ್ನಿಗೆ ವಹಿಸಿದ್ದಳು, ಅಪ್ಪ ಅಮ್ಮನಿಗೆ ಹೇಳಿರಲಿಲ್ಲ.

ಆ ರಾತ್ರಿ ಹೊಸದು ಹಳೆಯದು ಎಲ್ಲ ಶೀಟುಗಳನ್ನೂ ಒಟ್ಟಿಗೇ ಹಂಡೆಗೆ ಹಾಕಿ ಕುದಿಸಿದರು. ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಕ್ಕ ಹಂಡೆಯ ಮುಚ್ಚಳ ತೆಗೆದಳು. ಅರವತ್ತು ಶೀಟೂ ಗುಲಾಬಿ ಬಣ್ಣಕ್ಕೆ ತಿರುಗಿದ್ದವು.

ಅಮ್ಮ ಸೋಡಾ ಹಾಕಿ ಮತ್ತೆ ಕುದಿಸಿದಳು. ಬಿಸಿಲಿಗೆ ಹರವಿದಳು. ಬಣ್ಣ ಜಗ್ಗಲಿಲ್ಲ. ಆಸ್ಪತ್ರೆಯ ಸ್ಟೋರಿನವರು ಬಂದು ಒಂದು ಶೀಟನ್ನು ಬೆಳಕಿಗೆ ಹಿಡಿದು ನೋಡಿದರು. ಜೋರು ಮಾಡಲಿಲ್ಲ. ರಕ್ತದ ಕಲೆ ಹೋಗಿಲ್ಲ ಅಂದುಕೊಳ್ಳುತ್ತಾರೆ ರೋಗಿಗಳು, ನಾನು ಮೇಲಿನವರಿಗೆ ಏನು ಹೇಳಲಿ ಎಂದರು. ಮುಂದಿನ ವಾರದಿಂದ ಬಟ್ಟೆ ಬೇರೆ ಕಡೆ ಹೋಗುತ್ತದೆ ಎಂದೂ ಹೇಳಿ ಹೋದರು. ಆಸ್ಪತ್ರೆಯ ಬಟ್ಟೆ ಇಲ್ಲದಿದ್ದರೆ ಆ ಅಂಗಡಿಗೆ ಬರುತ್ತಿದ್ದುದು ದಿನಕ್ಕೆ ನಾಲ್ಕು ಅಂಗಿ, ಎರಡು ಪ್ಯಾಂಟು.

ಬಣ್ಣ ನೋಡಿದ್ದು ಯಾರು ಎಂದು ಅಪ್ಪ ಕೇಳಿದ. ಪಿನ್ನಿ ಬಾಯಿ ತೆರೆದಳು.

“ನಾನೇ ನೋಡಿದ್ದು ಅಪ್ಪ,” ಅಂದಳು ಅಕ್ಕ.

ಅಪ್ಪ ಮೊಳೆಯಿಂದ ಚಿಂದಿ ತೆಗೆದ. ಅದರ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಕೆಂಪು ಚುಕ್ಕಿ ಇತ್ತು.

“ಇಷ್ಟು ಕೆಂಪಗಿದೆ. ಕಾಣಿಸ್ಲಿಲ್ವೇನಮ್ಮಾ ನಿಂಗೆ?”

“ಓದೋ ಗುಂಗಲ್ಲಿದ್ದೆ.”

ಅಪ್ಪ ಚಿಂದಿಯನ್ನು ಮತ್ತೆ ಮೊಳೆಗೆ ಸಿಕ್ಕಿಸಿ ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತ. “ಬಿಡು,” ಅಂದ. ಅದು ಯಾವ ಬಿಡು ಎಂದು ಪಿನ್ನಿಗೆ ತಿಳಿಯಲಿಲ್ಲ. ಬರೆದುಕೊಳ್ಳುವ ಮನಸ್ಸೂ ಆಗಲಿಲ್ಲ.

ಆ ಚುಕ್ಕಿ ಅಲ್ಲಿಗೆ ಹೇಗೆ ಬಂತು? ಅವಳು ಚಿಂದಿಯನ್ನು ಮುಟ್ಟಿಯೇ ಇರಲಿಲ್ಲ.

ಮುಂದಿನ ವಾರ ಹಂಡೆಗೆ ಬೆಂಕಿ ಬೀಳಲಿಲ್ಲ. ಬೇರೆ ಊರಿನಿಂದ ಚಿಕ್ಕಮ್ಮ ಬಂದಳು. ಅಲ್ಲಿಯ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿಗೆ ಜನ ಬೇಕಂತೆ, ಇರುವುದಕ್ಕೂ ಜಾಗ ಕೊಡುತ್ತಾರಂತೆ. ಪರೀಕ್ಷೆ ಮುಗಿಯಲಿ ಎಂದು ಅಮ್ಮ ಅಂದಳು. ಅಷ್ಟು ದಿನ ಅವರು ಕಾಯುವುದಿಲ್ಲ ಎಂದಳು ಚಿಕ್ಕಮ್ಮ. ಹೋಗುತ್ತೇನೆ ಎಂದು ಅಕ್ಕ ತಾನೇ ಹೇಳಿದಳು.

ಆ ಶನಿವಾರ ಟೀಚರ್ ಪಿನ್ನಿಯ ಪುಸ್ತಕವನ್ನು ಗೋಡೆಗೆ ತೂಗುಹಾಕಿದರು. ಏಳನೆಯದಕ್ಕೆ ಎರಡು ರೈಟ್ ಮಾರ್ಕು ಬಿದ್ದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಿನ್ನಿ ತಲೆ ಎತ್ತಲಿಲ್ಲ.

ಅವತ್ತೇ ಮಧ್ಯಾಹ್ನ ಬಟ್ಟೆ ಒಣಹಾಕುವಾಗ ಅವಳು ಧೈರ್ಯ ಮಾಡಿದಳು.

“ಅಕ್ಕಾ, ಅವತ್ತು ನಾನು…”

“ಗೊತ್ತು ಕಣೇ. ಕ್ಲಿಪ್ ಕೊಡು.”

“ಅಪ್ಪಂಗೆ ಹೇಳ್ತೀನಿ.”

“ಹೇಳಿದ್ರೆ ಶೀಟು ಬೆಳ್ಳಗಾಗುತ್ತಾ?” ಅಕ್ಕ ಹಗ್ಗದ ಕಡೆಗೇ ತಿರುಗಿಕೊಂಡಿದ್ದಳು.

ಎರಡು ದಿನ ಕಳೆದು, ಬಸ್ಸಿನ ಬಾಗಿಲಲ್ಲಿ ಪಿನ್ನಿ ಅಕ್ಕನ ಕೈಯನ್ನು ಹಿಡಿದೇ ಇದ್ದಳು. ಕಂಡಕ್ಟರ್ ಗದರಿದ ಮೇಲೆ ಅಕ್ಕನೇ ಒಂದೊಂದಾಗಿ ಬೆರಳು ಬಿಡಿಸಿಕೊಂಡಳು.

ಅಂಗಡಿಗೆ ಬಂದು ಪಿನ್ನಿ ಮೊಳೆಯ ಮೇಲಿನ ಚಿಂದಿ ತೆಗೆದಳು. ಕೆಂಪು ಚುಕ್ಕಿಯ ಮೇಲೆ ತನ್ನ ಹೆಬ್ಬೆರಳು ಇಟ್ಟಳು. ಬೆರಳು ಸಾಲಲಿಲ್ಲ. ಸುತ್ತಲೂ ಕೆಂಪು ಉಳಿಯಿತು. ಆ ಗುರುವಾರ, ಯಾರೂ ಹಂಡೆಯ ಹತ್ತಿರ ಬರುವ ಮೊದಲು, ಇಲ್ಲಿ ನಿಂತು ಒಬ್ಬಳೇ ನೂರು ಎಣಿಸಿದ್ದು ಯಾರೆಂದು ಅವಳಿಗೆ ಗೊತ್ತಾಯಿತು.

ಚಿಂದಿಯನ್ನು ಮತ್ತೆ ಮೊಳೆಗೆ ಹಾಕಿದಳು. ಮೇಲಿನ ಗೂಡಿನಲ್ಲಿ ಅಕ್ಕನ ಕೆಮಿಸ್ಟ್ರಿ ಪುಸ್ತಕ ತೆರೆದ ಹಾಗೇ ಮಗುಚಿಕೊಂಡಿತ್ತು. ಅಕ್ಕ ಹೊರಟುಹೋದದ್ದು ಸೋಮವಾರ, ಬೆಳಗಿನ ಏಳು ಗಂಟೆಯ ಬಸ್ಸಿಗೆ.