ಗಂಟಲು ಸುಡದ ಎಣ್ಣೆ

ಗಾಣದ ಮಾಲೀಕ ಲೆಫ್ಟೆರಿಯ ತಲೆ ಒಡೆದದ್ದು ಅವನದೇ ಎಣ್ಣೆಯ ಸೀಸೆ. ಬೆಳಿಗ್ಗೆ ಗಾಣದ ಬಾಗಿಲು ತೆಗೆದ ಕೆಲಸದವರಿಗೆ ಅವನು ಎಣ್ಣೆ ತೊಟ್ಟಿಯ ನಲ್ಲಿಯ ಕೆಳಗೆ ಬೋರಲಾಗಿ ಸತ್ತು ಬಿದ್ದಿರುವುದು ಕಂಡಿತು. ಗಾಜಿನ ಚೂರಿನ ಮೇಲೆ ಚೀಟಿ ಇನ್ನೂ ಅಂಟಿಕೊಂಡಿತ್ತು: 'ನೆನಪಿನ ಎಣ್ಣೆ. ಹೊಸ ಆಲಿವ್, ಭರಪೂರ ಪಾಲಿಫಿನಾಲ್.'

ಗ್ರೀಕರೇ ತುಂಬಿದ ಆ ಆಸ್ಟ್ರೇಲಿಯಾದ ಊರಿಗೆ ಅಡಿಲೇಡ್‌ನಿಂದ ಪೊಲೀಸ್ ಸಾರ್ಜೆಂಟ್ ಫೊಟಿನಿ ಬಂದಳು. ಮೇಜಿನ ಮೇಲೆ ರುಚಿ ನೋಡುವ ಎರಡು ನೀಲಿ ಲೋಟಗಳಿದ್ದವು. ಒಂದಕ್ಕೆ ಎಣ್ಣೆಯೇ ತಾಗಿರಲಿಲ್ಲ. ಇನ್ನೊಂದರ ತಳದಲ್ಲಿ ಎಣ್ಣೆ, ಅದರಲ್ಲಿ ನೆಂದ ಬ್ರೆಡ್ಡಿನ ಚೂರು.

"ನಿನ್ನೆ ಅಣ್ಣನ ಜೊತೆ ಜಗಳ ಆಡಿದ್ಯಂತೆ?" ಸತ್ತವನ ತಮ್ಮ ಮನೋಲಿಯನ್ನು ಕೇಳಿದಳು.

"ದಿನಾ ಆಡ್ತೀನಿ. ಹಾಗಂತ ಕೊಂದ್ಬಿಡ್ತೀನಾ?"

"ಯಾಕೆ ಜಗಳ?"

"ಆ ತೊಟ್ಟೀದು ಕುಡಿದು ನೋಡು."

ಫೊಟಿನಿ ಒಂದು ಗುಟುಕು ನುಂಗಿದಳು. ನುಣ್ಣಗೆ ಇಳಿಯಿತು, ಕೆಮ್ಮು ಬರಲಿಲ್ಲ. ಹೊಸ ಆಲಿವ್‌ನ ಸತ್ವವಾದ ಪಾಲಿಫಿನಾಲ್ ಇದ್ದರೆ ಎಣ್ಣೆ ಗಂಟಲು ಸುಡಲೇಬೇಕು. ಆ ಹೆಸರೇ ಕೇಳದ ಅವಳಜ್ಜಿ ಕೂಡ ಕೆಮ್ಮು ಬರಿಸುವ ಎಣ್ಣೆಯನ್ನೇ ಆರಿಸುತ್ತಿದ್ದಳು.

"ಹಳೇದು. ಸತ್ವವೇ ಇಲ್ಲ."

"ಮೂರು ವರ್ಷದಿಂದ ಹೀಗೇ. ಮರೆವಿನ ಕಾಯಿಲೆಯೋರಿಗೆ ಮಾರ್ತಿದ್ದ, ನಾಚಿಕೆಗೆಟ್ಟೋನು. ಪೊಲೀಸ್ಗೆ ಹೇಳ್ತೀನಿ ಅಂದೆ, ಅದಕ್ಕೇ ಜಗಳ."

"ಈ ಬ್ರೆಡ್ಡು?"

"ರುಚಿ ನೋಡೋ ಕಸುಬಿನೋರು ಬ್ರೆಡ್ಡು ಅದ್ದಲ್ಲಮ್ಮ. ಅದು ಅಡುಗೆಮನೆ ಪದ್ಧತಿ."

"ಊರಲ್ಲಿ ಇದನ್ನ ಯಾರು ಕೊಳ್ತಿದ್ರು?"

"ಎಲ್ಲಾ ದೂರದವರು, ಅಂಚೇಲಿ ಹೋಗುತ್ತೆ. ನಮ್ಮ ಗ್ರೀಕರು ಒಂದು ತೊಟ್ಟು ನೆಕ್ಕಿದ್ರೆ ಇವನ ಬಣ್ಣ ಬಯಲಾಗ್ತಿತ್ತು. ಊರೋರಲ್ಲಿ ಕೊಳ್ತಿದ್ದದ್ದು ಎವಾಂಥಿಯಾ ಒಬ್ಬಳೇ."

ಫೊಟಿನಿಗೆ ಆ ಹೆಸರು ಗೊತ್ತಿತ್ತು. ಎವಾಂಥಿಯಾ ಅವಳ ಅಮ್ಮನ ಗೆಳತಿ. ಗಂಡ ಆರ್ಗಿರಿಗೆ ಆಲ್ಜೈಮರ್ ಬಂದ ವರ್ಷ, ಅವನಿಗೆ ನೆನಪು ಮರಳುವವರೆಗೆ ತಾನು ಎಣ್ಣೆ ಬಾಯಿಗಿಡುವುದಿಲ್ಲವೆಂದು ಮಾತೆ ಮರಿಯಾಗೆ ಹರಕೆ ಹೊತ್ತವಳು.

* * *

ಎವಾಂಥಿಯಾ ಊಟಕ್ಕೆ ಕೂತಿದ್ದಳು. ತಟ್ಟೆಯ ಬೀನ್ಸ್ ಎಣ್ಣೆಯಲ್ಲಿ ತೇಲುತ್ತಿತ್ತು. ಆರ್ಗಿರಿ ಕಿಟಕಿಯ ಬಳಿ ಸುಮ್ಮನೆ ಕೂತಿದ್ದ.

"ಬಾ ಮಗಳೇ, ಊಟ ಮಾಡು."

"ಹರಕೆ ತೀರಿತಾ ಚಿಕ್ಕಮ್ಮ? ಚಿಕ್ಕಪ್ಪ ನಿಮ್ಮ ಹೆಸರು ಹಿಡಿದು ಕರೆದ್ರಾ?"

ಅವಳ ಕೈ ನಿಂತಿತು. "ಇಲ್ಲ."

"ಹಾಗಾದ್ರೆ ಅದನ್ನ ಮುರಿದಿದ್ದು ನಿನ್ನೆ, ಗಾಣದಲ್ಲಿ, ಬ್ರೆಡ್ಡು ಅದ್ದಿ. ಬೇರೆ ಯಾರೇ ಆಗಿದ್ರೂ ಮೊದಲ ಸೀಸೆಗೇ ಮೋಸ ಗೊತ್ತಾಗ್ತಿತ್ತು. ನೀವು ಇವರಿಗೆ ಕುಡಿಸಿದ್ರಿ, ನೀವು ಮಾತ್ರ ಬಾಯಿಗೆ ಹಾಕ್ಲಿಲ್ಲ."

ಎವಾಂಥಿಯಾ ಸುಳ್ಳು ಹೇಳಲಿಲ್ಲ. ಅವಳಿಗೆ ಅದರ ಅಗತ್ಯವೇ ಕಾಣಲಿಲ್ಲ.

"ಹೋದ ವಾರ ತಂಗಿ ಅವಳ ಆಲಿವ್ ಮರದ ಎಣ್ಣೆ ಕಳಿಸಿದ್ಲು. ಇವರು ಒಂದು ಚಮಚಕ್ಕೇ ಕೆಮ್ಮಿದ್ರು ನೋಡು! ಮೂರು ವರ್ಷದಲ್ಲಿ ಒಂದ್ಸಲಾನೂ ಕೆಮ್ಮಿರ್ಲಿಲ್ಲ. ಕೆಮ್ಮೋದೂ ಮರೆತಿದ್ದಾರೆ ಅಂದ್ಕೊಂಡಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಿನ್ನೆ ನಾನೇ ರುಚಿ ನೋಡೋಣ ಅಂತ ಬ್ರೆಡ್ಡು ಕಟ್ಕೊಂಡು ಗಾಣಕ್ಕೆ ಹೋದೆ. ಅದ್ದಿ ತಿಂದ್ರೆ ಗಂಟಲು ಸುಡ್ಲೇ ಇಲ್ಲ. ಲೆಫ್ಟೆರಿ ನಕ್ಕ. 'ಅವನಿಗೆ ಹೆಂಡ್ತಿನೇ ಗೊತ್ತಿಲ್ಲ, ಎಣ್ಣೆ ಯಾವುದಾದ್ರೇನು' ಅಂದ. ಇನ್ನೊಂದು ಸೀಸೆ ಪುಕ್ಕಟೆ ಕೊಡ್ತೀನಿ ಅಂತ ನಲ್ಲಿಗೆ ಬಗ್ಗಿದ. ಹೊಡೆದೆ. ಎದ್ದು ಬಂದ್ರೆ ಇನ್ನೊಂದ್ಸಲ ಹೊಡೀತೀನಿ."

ಫೊಟಿನಿ ಎದುರಿನ ಕುರ್ಚಿಯಲ್ಲಿ ಕೂತಳು. "ಒಳ್ಳೇ ಎಣ್ಣೆ ಕೊಟ್ಟಿದ್ರೂ ನೆನಪು ಉಳೀತಿತ್ತು ಅಂತ ಯಾವ ಡಾಕ್ಟರೂ ಹೇಳಲ್ಲ. ಉಳೀಬಹುದು ಅಂತಾರೆ, ಅಷ್ಟೆ."

"ಆ 'ಬಹುದು' ಒಂದೇ ನನ್ನ ಹತ್ರ ಇದ್ದದ್ದು. ಅದನ್ನೇ ಕದ್ದ."

ಫೊಟಿನಿ ಕೈಕೋಳ ಹೊರತೆಗೆದಳು. ಆರ್ಗಿರಿ ಕಿಟಕಿಯಿಂದ ತಿರುಗಿದ. "ಈಯಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀಯ? ದಿನಾ ನನಗೆ ಊಟ ಹಾಕೋಳು. ನನ್ನ ಹೆಂಡ್ತಿ ಬಂದು ಕೇಳಿದ್ರೆ ಏನ್ ಹೇಳ್ಲಿ?"

ಎವಾಂಥಿಯಾ ತಂಗಿಯ ಎಣ್ಣೆಯನ್ನು ಚಮಚಕ್ಕೆ ಸುರಿದು ಅವನ ಬಾಯಿಗಿಟ್ಟಳು. ಅವನು ಜೋರಾಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ಅವನ ಬೆನ್ನು ನೇವರಿಸಿ, ಎರಡೂ ಕೈಗಳನ್ನು ಫೊಟಿನಿಯ ಮುಂದೆ ಚಾಚಿದಳು.