ಮೂರು ಇಂಚಿನ ಹುಚ್ಚು

ಆಪರೇಷನ್ನಿನ ಅಪಾಯಗಳನ್ನು ಪೇಶೆಂಟಿಗೆ ಬಿಡಿಸಿ ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದು ನಮ್ಮ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆದ ನನ್ನ ಪಾಲಿನ ಕೆಲಸ. ಆವತ್ತು ಫೈಲ್ ಹಿಡಿದು ಒಳಗೆ ಬಂದವನನ್ನು ನೋಡಿ ಎದೆ ಧಸಕ್ಕೆಂದಿತು. ಬಡಗಿ! ಆರು ವಾರ ತನ್ನ ಅಮ್ಮನನ್ನು ಮಂಡಿ ವ್ಯಾಯಾಮಕ್ಕೆ ಕರೆತಂದು, ಮೂಲೆಯಲ್ಲಿ ಕೂತು ನನ್ನನ್ನು ಕದ್ದು ಕದ್ದು ನೋಡುತ್ತಿದ್ದವನು. ನಾನೇನು ಕಮ್ಮಿ ನೋಡಿದೆನೇ?

"ಅಮ್ಮ ಹೇಗಿದ್ದಾರೆ?"

"ಆರಾಮಾಗಿ ಓಡಾಡ್ಕೊಂಡಿದ್ದಾರೆ ಮೇಡಂ. ಇವತ್ತು ಪೇಶೆಂಟ್ ನಾನೇ. ಮೂರು ಇಂಚು ಎತ್ತರ ಆಗ್ಬೇಕು."

ಅವನ ತಲೆ ನನ್ನ ಹಣೆಯವರೆಗೆ ಬರುತ್ತದೆ. ಅದರಲ್ಲಿ ಏನು ಕೊರತೆ ಕಂಡನೋ, ದೇವರೇ ಬಲ್ಲ.

ಸಿಟ್ಟು ನುಂಗಿಕೊಂಡು ಶುರುಮಾಡಿದೆ. "ಎರಡೂ ತೊಡೆ ಮೂಳೆ ಕೊಯ್ತಾರೆ. ಒಳಗೆ ರಾಡ್ ಹಾಕಿ ದಿನಕ್ಕೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಎಳೀತಾರೆ. ಸೋಂಕಾಗಬಹುದು, ನರಕ್ಕೆ ಪೆಟ್ಟು ಬೀಳಬಹುದು, ಮೂಳೆ ಕೂಡದೇ ಇರಬಹುದು. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಕುತ್ತು."

"ಎಲ್ಲರಿಗೂ ಹಾಗಾಗುತ್ತಾ?"

"ಇಲ್ಲ. ಚೆನ್ನಾಗಿ ಆದೋರೂ ಇದ್ದಾರೆ. ಆದ್ರೂ ತಿಂಗಳುಗಟ್ಟಲೆ ಗರಗಸ ಮುಟ್ಟೋ ಹಾಗಿಲ್ಲ. ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡೋರು ನೀವು. ಮಂಡಿ ಮಡಚೋಕೇ ಬರದೇ ಹೋದ್ರೆ?"

ಮುಖ ಬಿಳಿಚಿಕೊಂಡಿತು. ಆದರೂ ಮಹಾರಾಯ ಪೆನ್ನು ಎತ್ತಿಕೊಂಡ.

"ಯಾರಿಗೋಸ್ಕರ ರೀ ಈ ಹುಚ್ಚು?"

ತಲೆ ತಗ್ಗಿಸಿದ. "ನೀವೇ ಅಮ್ಮನ ಹತ್ರ ಹೇಳಿದ್ರಲ್ಲ, ಹುಡುಗ ನಿಮಗಿಂತ ಎತ್ತರ ಇರ್ಬೇಕು ಅಂತ."

ಅಯ್ಯೋ, ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಮಂಡಿ ಮಡಚುತ್ತಲೇ ನನಗೆ ಗಂಡು ಹುಡುಕಲು ಹೊರಡುವ ಅಮ್ಮಂದಿರು ವಾರಕ್ಕೆ ನಾಲ್ವರಾದರೂ ಸಿಗುತ್ತಾರೆ. ಅವರ ಬಾಯಿ ಮುಚ್ಚಿಸಲು ನಾನು ಎಲ್ಲರಿಗೂ ಹೇಳುವ ಮಾಮೂಲಿ ಸುಳ್ಳು ಅದು. ಇವನ ಅಮ್ಮ ಮಗನ ಮಾತೆತ್ತುವ ಮೊದಲೇ ಹೇಳಿಬಿಟ್ಟಿದ್ದೆ.

"ಅದು ಸುಳ್ಳು ಕಣ್ರೀ! ನಿಮ್ಮಮ್ಮ ನಿಮಗೋಸ್ಕರ ಕೇಳ್ತಿದ್ದಾರೆ ಅಂತ ಗೊತ್ತಿದ್ದಿದ್ರೆ..." ನಾಲಿಗೆ ಕಚ್ಚಿಕೊಂಡೆ.

"ಗೊತ್ತಿದ್ದಿದ್ರೆ?" ಕಳ್ಳ, ಕಣ್ಣಲ್ಲೇ ನಗುತ್ತಿದ್ದ.

ಅಷ್ಟರಲ್ಲಿ ಡಾಕ್ಟರ್ ಬಾಗಿಲಲ್ಲಿ ಇಣುಕಿದರು. "ಅಪಾಯ ಎಲ್ಲಾ ಹೇಳಿದ್ರಾ?"

"ಒಂದು ಬಾಕಿ ಇದೆ ಸರ್." ಬಡಗಿಯ ಕೈಯಿಂದ ಪೆನ್ನು ಕಿತ್ತುಕೊಂಡೆ. "ನನಗೋಸ್ಕರ ಅಂತ ಈ ಕಾಲು ಕೊಯ್ಸಿಕೊಂಡ್ರೆ, ನಾನು ನಿಮ್ಮನ್ನ ಮದುವೆ ಆಗಲ್ಲ."

ಡಾಕ್ಟರ್ ಸದ್ದಿಲ್ಲದೆ ಬಾಗಿಲು ಎಳೆದುಕೊಂಡರು.

"ಅಷ್ಟು ದೊಡ್ಡ ಅಪಾಯ ಎದುರಿಸೋಕೆ ನನ್ನಿಂದಾಗಲ್ಲ ಮೇಡಂ," ಎಂದ. ಖುಷಿಗೆ ನನಗೆ ಅಳುವೇ ಬಂತು. ಎದ್ದು ಹತ್ತಿರ ಹೋದೆ. ಅವನ ಹಣೆ ಸರಿಯಾಗಿ ನನ್ನ ತುಟಿಗೇ ಸಿಕ್ಕಿತು, ಬಗ್ಗುವ ಗೋಜೇ ಇರಲಿಲ್ಲ.